ತಾನಾಗಿ ಹುಳಿಯಾಗಬೇಕಾಗಿದ್ದ ಬಾಟಲಿ

ಸೌದಿ ಅರೇಬಿಯಾದಲ್ಲಿ ಮದ್ಯ ಎಲ್ಲೂ ಸಿಗುವುದಿಲ್ಲ. ಸೇನಾ ನೆಲೆಯ ಬೇಲಿಯೊಳಗೆ ಅದು ಇನ್ನೂ ಹೆಚ್ಚು ಸಿಗುವುದಿಲ್ಲ. ಈ ಎರಡನೆಯ ದರ್ಜೆಯ ಸಿಗದಿರುವಿಕೆಯನ್ನು ಕಾಪಾಡಿಕೊಂಡು ಬರುವ ಜವಾಬ್ದಾರಿಯ ಒಂದು ಚಿಕ್ಕ ಪಾಲು ಕೆಲವು ವರ್ಷ ನನ್ನ ಹೆಗಲ ಮೇಲಿತ್ತು.

ಎರಡು ಸಾವಿರದ ಹತ್ತು ಕಳೆದ ಮೇಲಿನ ವರ್ಷಗಳವು. ಅಭಾದಿಂದ ಸ್ವಲ್ಪ ದೂರದಲ್ಲಿ, ಬೆಟ್ಟದ ಮೇಲಿದ್ದ ಒಂದು ನೆಲೆಯಲ್ಲಿ ಊಟದ ಗುತ್ತಿಗೆ ಹಿಡಿದಿದ್ದ ಕಂಪನಿಗೆ ನಾನು ಸ್ಟೋರ್ ಕೀಪರ್. ಅಕ್ಕಿ, ಬೇಳೆ, ಎಣ್ಣೆಗಳ ಮೇಲೆ ನನಗಿದ್ದ ಅಧಿಕಾರ ಸಾಧಾರಣವಾದದ್ದು. ಆದರೆ ಸ್ಟೋರಿನ ಮೂಲೆಯಲ್ಲಿ ಒಂದು ಉಕ್ಕಿನ ಕಪಾಟು ಇತ್ತು. ಅದರ ಬೀಗದ ಕೈ ನನ್ನ ಸೊಂಟದಲ್ಲಿ ತೂಗುತ್ತಿತ್ತು, ಮತ್ತು ಅದರಿಂದಾಗಿ ನಾನು ನಡೆಯುವ ರೀತಿಯೇ ಬದಲಾಗಿದೆ ಎಂದು ಊರಿಗೆ ಬಂದಾಗ ಹೆಂಡತಿ ಹೇಳಿದ್ದಳು.

ಕಪಾಟಿನೊಳಗೆ ಇದ್ದದ್ದು ಯೀಸ್ಟ್, ವೆನಿಲ್ಲಾ ಎಸೆನ್ಸ್, ವಿನೆಗರ್ ಮತ್ತು ದ್ರಾಕ್ಷಿ ರಸ. ನೋಡುವುದಕ್ಕೆ ಬಡ ಕುಟುಂಬ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವು ಒಂಟಿಯಾಗಿದ್ದಾಗ ಸಜ್ಜನರು, ಜೊತೆ ಸೇರಿದರೆ ಅಪರಾಧಿಗಳು. ಯೀಸ್ಟನ್ನೂ ದ್ರಾಕ್ಷಿ ರಸವನ್ನೂ ಒಂದೇ ದಿನ ಒಂದೇ ಕೈಗೆ ಕೊಡಬಾರದು ಎಂದು ಕಪಾಟಿನ ಬಾಗಿಲ ಮೇಲೆ ಮೂರು ಭಾಷೆಗಳಲ್ಲಿ ಬರೆದಿತ್ತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೀಸ್ಟನ್ನು ಮೇಲಿನ ಹಲಗೆಯಲ್ಲಿ, ರಸವನ್ನು ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೆ. ಮದುವೆ ಮನೆಗೆ ಬಂದ ಹುಡುಗ ಹುಡುಗಿಯರಿಗೆ ಹಿರಿಯರು ಮಲಗುವ ಜಾಗ ಗೊತ್ತು ಮಾಡುವ ಹಾಗೆ.

ನೆಲೆಯ ದವಾಖಾನೆಯಲ್ಲೂ ಇದೇ ಶಿಸ್ತು. ಕೆಮ್ಮಿನ ಔಷಧ ಬೇಕಾದವನು ನರ್ಸಿನ ಎದುರಿಗೇ ಅದನ್ನು ಕುಡಿದು, ಬಾಯಿ ತೆರೆದು ತೋರಿಸಿ ಬರಬೇಕಿತ್ತು. ನಮ್ಮವರು ಊರಿಂದ ಪಾಯಸಕ್ಕೆಂದು ತಂದ ಗಸಗಸೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಅಫೀಮಿನ ಕುಲಕ್ಕೆ ಸೇರುತ್ತಿತ್ತು. ಅದನ್ನು ದಾಟಿಸಿ ತಂದವರು ಯಾರೂ ಇರಲಿಲ್ಲ. ಪಾಯಸಕ್ಕಾಗಿ ಜೈಲಿಗೆ ಹೋಗುವಷ್ಟು ಒಳ್ಳೆಯ ಪಾಯಸ ನಮ್ಮಲ್ಲಿ ಯಾರಿಗೂ ಮಾಡಲು ಬರುತ್ತಿರಲಿಲ್ಲ.

ಅಡುಗೆಮನೆಯ ಮುಖ್ಯಸ್ಥ ಉಡುಪಿ ಕಡೆಯ ಕ್ರೈಸ್ತ. ಮನೆಮಾತು ಕೊಂಕಣಿ. ನಾನು ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಂ. ನಾವಿಬ್ಬರೂ ಆಡುತ್ತಿದ್ದದ್ದು ತುಳು. ಇಲ್ಲಿ ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನು ನನ್ನನ್ನು ಬ್ಯಾರಿ ಎಂದೇ ಕರೆಯುತ್ತಿದ್ದ. ನಾನು ಅವನನ್ನು, ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ, ಪೊರ್ಬು ಎನ್ನುತ್ತಿದ್ದೆ. ಇಬ್ಬರಿಗೂ ಬೇರೆ ಹೆಸರಿನ ಅವಶ್ಯಕತೆ ಬೀಳಲಿಲ್ಲ.

ಆ ಚಳಿಗಾಲದಲ್ಲಿ ಪೊರ್ಬುವಿನ ಮಗಳ ಮದುವೆ ನಿಶ್ಚಯವಾಯಿತು. ಒಬ್ಬಳೇ ಮಗಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅವರಲ್ಲಿ ಮದುವೆ ಇಲ್ಲವಾದ್ದರಿಂದ ಈಸ್ಟರ್ ಕಳೆದ ಮೇಲೆ ದಿನ ಇಟ್ಟಿದ್ದರು. ರಜೆ ಮಂಜೂರಾಗಿತ್ತು. ಅವನು ಬಂದು ನನಗೆ ಸುದ್ದಿ ಹೇಳಿದ್ದು ಹೀಗೆ:

"ಬ್ಯಾರಿ, ಮಗಳಿಗೆ ಮದುವೆ ಮಾರಾಯ. ಮದುವೆಯ ಹಿಂದಿನ ದಿನ, ರೋಸಿನ ದಿನ, ತಲೆಗೆ ತೆಂಗಿನ ಹಾಲು ಹಾಕುದು ಮೊದಲು ನಾನೇ. ಚರ್ಚಿನಲ್ಲಿ ಅವಳ ಮೊದಲ ಕಮ್ಯುನಿಯನ್ನಿಗೆ ನಾನು ಇಲ್ಲ, ಎಸ್ಸೆಸ್ಸೆಲ್ಸಿ ಪಾಸಾದಾಗ ಇಲ್ಲ, ಹೆಣ್ಣು ನೋಡ್ಲಿಕ್ಕೆ ಬಂದಾಗ್ಲೂ ಇಲ್ಲ. ಇದಕ್ಕೂ ಇಲ್ಲದಿದ್ರೆ ಅವಳು ನನ್ನನ್ನು ಫೋಟೋದಲ್ಲಿ ಮಾತ್ರ ಇರುವವ ಅಂತ ತಿಳ್ಕೊಳ್ತಾಳೆ."

"ನಮಗೆಂತ ಪಾರ್ಟಿ?" ಎಂದೆ.

"ಸಾನ್ನಾ ಮಾಡ್ತೇನೆ. ಶುಕ್ರವಾರ ನೋಡು ನೀನು."

ಸಾನ್ನಾ ಎಂದರೆ ಅವರ ಹಬ್ಬದ ತಿಂಡಿ. ಇಡ್ಲಿಯ ಬಂಧು, ಆದರೆ ಇಡ್ಲಿಗಿಂತ ಬಿಳಿ, ಇಡ್ಲಿಗಿಂತ ಹಗುರ, ಸ್ವಲ್ಪ ಸಿಹಿ. ಊರಿನಲ್ಲಾದರೆ ಹಿಟ್ಟು ಉಬ್ಬಲು ಶೇಂದಿ ಹಾಕುತ್ತಾರೆ. ಅಭಾದಲ್ಲಿ ಶೇಂದಿ ಎಲ್ಲಿಂದ ಬರಬೇಕು? ತೆಂಗಿನ ಮರವೂ ಇಲ್ಲ, ಹತ್ತುವವನೂ ಇಲ್ಲ, ಹತ್ತಿದರೆ ಇಳಿಸಲು ಪೊಲೀಸರು ಮಾತ್ರ ಇದ್ದಾರೆ. ಯೀಸ್ಟು ಹಾಕಿ ಮಾಡಬಹುದಿತ್ತು. ಆದರೆ ಪೊರ್ಬುವಿಗೆ ರುಚಿಯ ವಿಷಯದಲ್ಲಿ ಹಟ. ಪೇಟೆಯಿಂದ ಡಬ್ಬದ ಎಳನೀರು ತಂದು, ಸಕ್ಕರೆ ಬೆರೆಸಿ, ಬೆಳಗಿನ ಬನ್ನಿನ ಹಿಟ್ಟಿನದೊಂದು ಚಿಕ್ಕ ಉಂಡೆಯನ್ನು ಅದರಲ್ಲಿ ಕದಡಿ, ದೊಡ್ಡ ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಟ್ಟ. ಅಭಾದ ಚಳಿಯಲ್ಲಿ ಏನೂ ಉಬ್ಬುವುದಿಲ್ಲವೆಂದು ತನ್ನ ಕೋಣೆಯ ಗೀಸರಿನ ಪಕ್ಕದಲ್ಲಿ ಅದಕ್ಕೆ ಬೆಚ್ಚಗಿನ ಜಾಗ ಮಾಡಿಕೊಟ್ಟ. ಮಗಳಿಗೆ ತೋರಿಸದ ಅಕ್ಕರೆಯನ್ನೆಲ್ಲ ಅದಕ್ಕೆ ತೋರಿಸಿದ ಎಂದು ಕಾಣುತ್ತದೆ.

ಶುಕ್ರವಾರಕ್ಕೆ ಮೊದಲೇ ಕೋಣೆಗಳ ತಪಾಸಣೆ ಬಂತು. ಬಂದವನು ನೆಲೆಯ ರಕೀಬ್, ಅಂದರೆ ನಮ್ಮ ಲೆಕ್ಕದಲ್ಲಿ ಹವಾಲ್ದಾರ. ಅಸೀರ್ ಬೆಟ್ಟದ ಮನುಷ್ಯ, ಮಾತು ಕಡಿಮೆ, ಮೀಸೆ ಹೆಚ್ಚು. ಅವನು ಗೀಸರಿನ ಪಕ್ಕಕ್ಕೆ ಬಗ್ಗಿ ನೋಡಿ, ಬಾಟಲಿಯನ್ನು ಎತ್ತಿ, ಮೂಸುವ ಮೊದಲು ಅದಕ್ಕೆ ಕಿವಿ ಹಚ್ಚಿದ. ಒಳಗೆ ಸಣ್ಣಗೆ ಸುಯ್ ಎನ್ನುತ್ತಿತ್ತು.

"ಒಳಗೆ ಯಾರಿದ್ದಾರೆ?" ಎಂದು ಕೇಳಿದ.

ಪೊರ್ಬುವಿನ ಅರೇಬಿಕ್ ಅಡುಗೆಮನೆಯದು. ಉಪ್ಪು, ಈರುಳ್ಳಿ, ಬೇಗ ಎನ್ನುವುದಕ್ಕೆ ಯಲ್ಲಾ, ನಾಳೆ, ಮುಗಿಯಿತು ಎನ್ನುವುದಕ್ಕೆ ಖಲಾಸ್. ಅಷ್ಟರೊಳಗೆ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ದುಭಾಷಿಯಾಗಿ ನನ್ನನ್ನು ಕರೆಸಿದರು.

"ಇದು ರೊಟ್ಟಿಗೆ" ಎಂದು ನಾನು ಭಾಷಾಂತರಿಸಿದೆ.

"ರೊಟ್ಟಿ ಬಾಟಲಿಯಲ್ಲಿ ಯಾಕಿದೆ?"

"ಇನ್ನೂ ರೊಟ್ಟಿ ಆಗಿಲ್ಲ."

"ಆಗುವ ತನಕ ಇದು ಏನು?"

ಇಂಥ ತಾತ್ವಿಕ ಪ್ರಶ್ನೆಯನ್ನು ಸೇನೆಯವರಿಂದ ನಾನು ನಿರೀಕ್ಷಿಸಿರಲಿಲ್ಲ. ಪೊರ್ಬುವಿನ ಮುಖ ನೋಡಿದೆ. ಅವನ ಮುಖ ಸಾನ್ನಾಕ್ಕಿಂತ ಬೆಳ್ಳಗಾಗಿತ್ತು.

ರಕೀಬ್ ನ್ಯಾಯವಂತ. 'ಮದ್ಯ' ಎಂದು ಬರೆಯಲಿಲ್ಲ. 'ದ್ರವ ಪದಾರ್ಥ, ವಾಸನೆ ಸಂಶಯಾಸ್ಪದ' ಎಂದು ಬರೆದುಕೊಂಡ. ಬಾಟಲಿಗೆ ಮುಚ್ಚಳ ಬಿಗಿದು ಅರಗಿನ ಮೊಹರು ಹಾಕಲು ಹೊರಟಾಗ ಪೊರ್ಬು ನನ್ನ ತೋಳು ಹಿಡಿದ.

"ಮುಚ್ಚಳ ಬೇಡ ಹೇಳು ಮಾರಾಯ! ಒಡೀತದೆ. ಒಡೆದು ಅವನ ಕಣ್ಣಿಗೆ ಹೋದ್ರೆ ಮತ್ತೆ ನನಗೆ ಮಗಳ ಮದುವೆ ಅಲ್ಲ, ಬೇರೆಯೇ ಕಾರ್ಯಕ್ರಮ."

ಹಾಗೆ ಬಟ್ಟೆ ಇದ್ದ ಹಾಗೆಯೇ ಇತ್ತು. ಅದರ ಗಂಟಿನ ಮೇಲೆ ಮೊಹರು ಬಿತ್ತು. ಸಂಶಯದ ವಸ್ತುವನ್ನು ಎಲ್ಲಿಡಬೇಕು? ಬೀಗ ಇರುವ ಕಪಾಟಿನಲ್ಲಿ. ಬೀಗ ಇರುವ ಕಪಾಟು ಯಾರದು? ನನ್ನದು. ಹೀಗೆ ನನ್ನ ಗೆಳೆಯನ ಬಾಟಲಿಗೆ ನಾನೇ ಜೈಲರ್ ಆದೆ. ಮಾದರಿಯನ್ನು ಪರೀಕ್ಷೆಗೆ ಕಳಿಸಲು ಕ್ಯಾಪ್ಟನ್ನರ ಸಹಿ ಬೇಕಿತ್ತು. ಕ್ಯಾಪ್ಟನ್ ತರಬೇತಿಗೆಂದು ರಿಯಾದಿಗೆ ಹೋಗಿದ್ದರು. ವಿಷಯ ಇತ್ಯರ್ಥವಾಗುವ ತನಕ ಅಡುಗೆಯವನು ದೇಶ ಬಿಟ್ಟು ಹೋಗುವಂತಿಲ್ಲ ಎಂದು ಕಂಪನಿಯ ಆಫೀಸಿನವರು ಅವನ ರಜೆಯ ಕಾಗದವನ್ನು ಮೇಜಿನ ಈ ಬದಿಯಿಂದ ಆ ಬದಿಗೆ ಸರಿಸಿದರು.

ಮರುದಿನ ಮಧ್ಯಾಹ್ನ ಪೊರ್ಬು ಸ್ಟೋರಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕುಳಿತ.

"ಪರೀಕ್ಷೆಗೆ ಹೋದ್ರೆ ಎಂತ ಬರ್ತದೆ?" ಎಂದು ಕೇಳಿದೆ.

"ಎಂತ ಬರ್ತದೆ? ಇದ್ದದ್ದೇ ಬರ್ತದೆ. ಅದು ಶೇಂದಿಯ ತಮ್ಮನೇ ಅಲ್ವಾ."

"ಮತ್ತೆ?"

"ಮತ್ತೆಂತ. ಜೈಲು, ಆಮೇಲೆ ಟಿಕೆಟ್ ಇಲ್ಲದೆ ಊರು. ಊರಿಗೆ ಹೋಗುದಾದ್ರೂ ಆಗ್ತದಲ್ಲ ಅಂತ ನಗ್ಬೇಡ. ಮದುವೆ ಆಗಿ ಮೊಮ್ಮಕ್ಕಳು ಆದ ಮೇಲೆ ಹೋಗುದು."

ನಾನು ನಕ್ಕಿರಲಿಲ್ಲ. ನನ್ನ ಮುಖವೇ ಹಾಗೆ. ದುಃಖದ ಮನೆಗಳಲ್ಲಿ ಅದರಿಂದ ನನಗೆ ಬಹಳ ತೊಂದರೆಯಾಗಿದೆ.

ಅವನು ಕಪಾಟಿನ ಕಡೆ ನೋಡುತ್ತಾ, "ಹೀಗೇ ಬಟ್ಟೆ ಕಟ್ಟಿ ಬಿಟ್ರೆ ಕಡೆಗೆ ಅದು ವಿನೆಗರೇ ಆಗುದು" ಎಂದ. "ನಮ್ಮ ಮನೆಯಲ್ಲಿ ಶೇಂದಿಯನ್ನು ಭರಣಿಯಲ್ಲಿ ಇಟ್ಟು ವಿನೆಗರ್ ಮಾಡುದೇ ಹಾಗೆ. ಆದ್ರೆ ಈ ಚಳಿಯಲ್ಲಿ ಯಾವಾಗ ಆಗ್ತದೆ ಮಾರಾಯ!"

ನಾನು ಎದ್ದು ನಿಂತೆ. ನಲವತ್ತು ವರ್ಷಗಳ ಹಿಂದೆ ಮದರಸದ ಬೆಂಚಿನ ಮೇಲೆ ನಿದ್ದೆಗಣ್ಣಿನಲ್ಲಿ ಕೇಳಿದ್ದ ಪಾಠ ತಲೆಯೊಳಗೆ ಮೈ ಮುರಿಯಿತು. ಮದ್ಯ ಅಶುದ್ಧ. ಆದರೆ ಅದು ತಾನಾಗಿಯೇ ಹುಳಿಯಾಗಿ ವಿನೆಗರ್ ಆದರೆ ಶುದ್ಧ, ಬಳಸಬಹುದು. ಆಗ ಆ ಪಾಠ ನನಗೆ ಯಾಕೆಂದು ಅರ್ಥವಾಗಿರಲಿಲ್ಲ. ನಮ್ಮ ಮನೆಯಲ್ಲಿ ಮದ್ಯವೂ ಇರಲಿಲ್ಲ, ವಿನೆಗರೂ ಇರಲಿಲ್ಲ. ಹುಳಿಗೆ ನಾವು ಬಳಸುತ್ತಿದ್ದದ್ದು ಹುಣಸೆ.

ಇದನ್ನು ಹೇಳಿದಾಗ ಪೊರ್ಬುವಿನ ಮುಖಕ್ಕೆ ರಕ್ತ ವಾಪಸು ಬಂತು.

"ಹಾಗಾದ್ರೆ ಕಷ್ಟವೇ ಇಲ್ಲ! ಪಕ್ಕದಲ್ಲೇ ವಿನೆಗರ್ ಕ್ಯಾನ್ ಉಂಟಲ್ಲ. ಬಟ್ಟೆಯ ಮೇಲಿಂದಲೇ ನಾಲ್ಕು ಚಮಚ ಹುಯ್ಯಿ. ಬೇಗ ತಿರುಗ್ತದೆ."

"ಆಗುದಿಲ್ಲ."

"ಯಾಕೆ ಆಗುದಿಲ್ಲ?"

"ನಾವು ಕರಾವಳಿಯ ಬ್ಯಾರಿಗಳು ಶಾಫಿ ಪಂಥದವರು. ನಮ್ಮಲ್ಲಿ ಹೊರಗಿಂದ ಏನಾದ್ರೂ ಹಾಕಿ ತಿರುಗಿಸಿದ್ರೆ ಅದು ಶುದ್ಧ ಆಗುದಿಲ್ಲ. ತಾನಾಗಿ ಆಗ್ಬೇಕು."

"ಅಯ್ಯೋ ದೇವರೇ. ನಿನ್ನ ಮತದಲ್ಲಿ ಆಗದಿದ್ರೆ ಬಿಡು, ನಾನೇ ಹಾಕ್ತೇನೆ. ನನ್ನ ಮತದಲ್ಲಿ ಎಂತ ತೊಂದ್ರೆ ಇಲ್ಲ."

"ಬಾಟ್ಲಿ ಕಪಾಟಿನಲ್ಲಿ ಉಂಟು" ಎಂದೆ. "ಕಪಾಟಿನ ಕೀ ನನ್ನ ಮತದಲ್ಲಿ ಉಂಟು."

ಅವನು ನನ್ನನ್ನು ನೋಡಿದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಮತಕ್ಕಿಂತ ದೊಡ್ಡ ಕಾರಣವೂ ಇತ್ತು. ನಾಳೆ ಕ್ಯಾಪ್ಟನ್ ಬಂದು, 'ಇದಕ್ಕೆ ಏನಾದರೂ ಹಾಕಿದಿರಾ?' ಎಂದು ದೇವರ ಆಣೆ ಇಟ್ಟು ಕೇಳಿದರೆ ನಾನು ಏನು ಹೇಳಬೇಕು? ಸುಳ್ಳು ಆಣೆ ಹಾಕಿದವನ ಕಥೆಗಳನ್ನೂ ಅದೇ ಮದರಸದಲ್ಲಿ ಕೇಳಿದ್ದೆ. ಆಗ ಮಾತ್ರ ನನಗೆ ನಿದ್ದೆ ಬಂದಿರಲಿಲ್ಲ.

"ಆದ್ರೆ ಒಂದುಂಟು" ಎಂದು ಸಮಾಧಾನ ಹೇಳಿದೆ. "ನೆರಳಿಂದ ಬಿಸಿಲಿಗೆ, ಬಿಸಿಲಿಂದ ನೆರಳಿಗೆ ತೆಗೆದಿಟ್ಟು ಹುಳಿಯಾದ್ರೆ ಅಡ್ಡಿ ಇಲ್ಲ."

"ಅದನ್ನೂ ಕಿತಾಬಿನಲ್ಲಿ ಬರೆದಿದ್ದಾರಾ?"

"ಬರೆದಿದ್ದಾರೆ."

"ನಿಮ್ಮವರು ಯೋಚನೆ ಮಾಡದ್ದು ಎಂತದೂ ಇಲ್ಲ ಮಾರಾಯ" ಎಂದು ಪೊರ್ಬು ಮೊದಲ ಬಾರಿಗೆ ಇಸ್ಲಾಮಿಗೆ ಗೌರವ ಸೂಚಿಸಿದ.

ಕಪಾಟನ್ನು ಆಗಾಗ ಖಾಲಿ ಮಾಡಿ, ಒರೆಸಿ, ಸಾಮಾನುಗಳಿಗೆ ಗಾಳಿಯಾಡಿಸಬೇಕು ಎಂಬ ನಿಯಮ ಮೊದಲಿನಿಂದಲೂ ಇತ್ತು. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ನಾನು ದಿನಾ ಪಾಲಿಸಲು ಶುರು ಮಾಡಿದೆ. ಬೆಳಿಗ್ಗೆ ಮಂಜು ಕರಗಿದ ಕೂಡಲೇ ಸ್ಟೋರಿನ ಹಿಂಬದಿಯ ಗೋಡೆಗೆ ಬಾಟಲಿಯನ್ನು ಒರಗಿಸಿ ಇಡುವುದು, ಬಿಸಿಲು ಸರಿದ ಹಾಗೆ ಅದನ್ನೂ ಸರಿಸುವುದು, ಸಂಜೆ ಒಳಗೆ ತಂದು ಬೀಗ ಹಾಕುವುದು. ಮೊಹರು ಮುಟ್ಟಲಿಲ್ಲ. ಬೆಟ್ಟದಿಂದ ಇಳಿದು ಬರುವ ಮಂಗಗಳಿಗೆ ಸರಕಾರಿ ಮೊಹರಿನ ಬಗ್ಗೆ ತಿಳಿವಳಿಕೆ ಇಲ್ಲವಾದ್ದರಿಂದ ನಾನು ಕೋಲು ಹಿಡಿದು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರುತ್ತಿದ್ದೆ. ಆಚೆ ಈಚೆ ಹೋಗುವ ಸಿಪಾಯಿಗಳು ನನ್ನ ಕರ್ತವ್ಯನಿಷ್ಠೆಯನ್ನು ಮೆಚ್ಚಿ ಸಲಾಮು ಹೇಳುತ್ತಿದ್ದರು.

ಸಂಜೆ ಒಳಗಿಡುವ ಮೊದಲು ಬಟ್ಟೆಯ ಮೇಲಿಂದ ಮೂಸುತ್ತಿದ್ದೆ. ಮೊದಮೊದಲು ಬನ್ನಿನ ವಾಸನೆ. ಆಮೇಲೆ, ಚಿಕ್ಕಂದಿನಲ್ಲಿ ಶೇಂದಿ ಅಂಗಡಿಯ ಮುಂದೆ ಹಾಯುವಾಗ ಉಸಿರು ಬಿಗಿ ಹಿಡಿಯಬೇಕೆಂದು ಉಮ್ಮ ಹೇಳಿಕೊಟ್ಟಿದ್ದ ಆ ವಾಸನೆ. ಉಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಮಗ ಅದೇ ವಾಸನೆಯನ್ನು ದಿನಾ ಶ್ರದ್ಧೆಯಿಂದ ಮೂಸಿ ಸಂಬಳ ತೆಗೆದುಕೊಳ್ಳುತ್ತಿದ್ದಾನೆಂದು ಅವರಿಗೆ ತಿಳಿಯದೆ ಹೋದದ್ದು ಒಳ್ಳೆಯದಾಯಿತು.

ಪೊರ್ಬು ಅಡುಗೆಮನೆಯ ಕಿಟಕಿಯಿಂದ ತಲೆ ಹಾಕುತ್ತಿದ್ದ. ಐಸಿಯುವಿನ ಹೊರಗೆ ನಿಂತವರ ಧ್ವನಿ.

"ಹೇಗುಂಟು?"

"ಇನ್ನೂ ಬುದ್ಧಿ ಬರ್ಲಿಲ್ಲ."

"ಊರಿನಿಂದ ಫೋನ್ ಬಂದಿತ್ತು. ಸೀರೆ ತೆಗ್ದಾಯ್ತಂತೆ. ಹಾಲ್ ಬುಕ್ ಆಯ್ತಂತೆ. 'ಪಪ್ಪಾ, ನಿಮ್ಮ ಟಿಕೆಟ್ ಯಾವಾಗ' ಕೇಳ್ತಾಳೆ. ನಾನೆಂತ ಹೇಳುದು? ಬಾಟ್ಲಿ ಹುಳಿ ಆದ ಮೇಲೆ ಅಂತ ಹೇಳುದಾ?"

ನಮ್ಮ ಇಕ್ಕಟ್ಟು ವಿಚಿತ್ರವಾಗಿತ್ತು. ಕ್ಯಾಪ್ಟನ್ ಬೇಗ ಬಂದರೆ ಬಾಟಲಿ ಸಿಕ್ಕಿಬೀಳುತ್ತದೆ. ತಡವಾಗಿ ಬಂದರೆ ಮದುವೆ ಮುಗಿದುಹೋಗುತ್ತದೆ. ಹಾಗಾಗಿ ಪೊರ್ಬು ಕ್ಯಾಪ್ಟನ್ನರ ತರಬೇತಿ ಮುಂದುವರಿಯಲಿ ಎಂದು ಉಪವಾಸದ ಪ್ರಾರ್ಥನೆ ಮಾಡಿದ, ಮತ್ತೆ ಅದೇ ಪ್ರಾರ್ಥನೆಯಲ್ಲಿ ತುಂಬಾ ಮುಂದುವರಿಯದಿರಲಿ ಎಂದು ಸೇರಿಸಿದ. ನಾನೂ ನನ್ನ ಕಡೆಯಿಂದ ಒಂದು ಅರ್ಜಿ ಹಾಕಿದೆ. ಮೇಲೆ ಯಾವ ಕಚೇರಿಯಲ್ಲಿ ಅವೆರಡೂ ಒಟ್ಟಿಗೆ ಸಹಿಗೆ ಬಂದವೋ ತಿಳಿಯದು.

ಈಸ್ಟರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ರಕೀಬ್ ಬಂದು ಸ್ಟೋರಿನ ಬಾಗಿಲಲ್ಲಿ ನಿಂತ. "ಕ್ಯಾಪ್ಟನ್ ಬಂದಿದ್ದಾರೆ. ಬಾಟಲಿ ತಾ."

ಹಿಂದಿನ ಸಂಜೆ ಮೂಸಿದಾಗ ವಾಸನೆ ಹುಳಿಯಾಗಿತ್ತು, ನಿಜ. ಆದರೆ ಆ ಹುಳಿಯ ಹಿಂದೆ ಶೇಂದಿ ಅಂಗಡಿಯವನು ಇನ್ನೂ ಬಾಗಿಲು ಪೂರ್ತಿ ಹಾಕಿಲ್ಲವೆಂಬ ಗುಮಾನಿ ನನಗಿತ್ತು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದೆ. ಹಿಂದೆ ಪೊರ್ಬು, ಏಪ್ರನ್ ಬಿಚ್ಚಲು ಮರೆತು ಹಾಗೆಯೇ ಬಂದ.

ಕ್ಯಾಪ್ಟನ್ನರ ಕೋಣೆಯಲ್ಲಿ ದವಾಖಾನೆಯ ಡಾಕ್ಟರೂ ಇದ್ದರು. ಸುಡಾನಿನವರು, ವಯಸ್ಸಾದವರು. ಹೊರಗೆ ಕಳಿಸುವ ಮೊದಲು ಇಲ್ಲಿಯ ಡಾಕ್ಟರು ಒಮ್ಮೆ ನೋಡಿ ಅಭಿಪ್ರಾಯ ಕೊಡಬೇಕೆಂಬ ನಿಯಮವಿತ್ತಂತೆ. ರಕೀಬ್ ಮೊಹರನ್ನು ಕನ್ನಡಕ ಹಾಕಿ ನೋಡಿ, "ಹಾಗೆಯೇ ಇದೆ" ಎಂದ. ಗಂಟು ಬಿಚ್ಚಿದರು. ಡಾಕ್ಟರು ಮೂಗು ಹತ್ತಿರ ತಂದವರು ಥಟ್ಟನೆ ಹಿಂದೆ ಸರಿದು ಕೆಮ್ಮಿದರು. ಕಣ್ಣಲ್ಲಿ ನೀರು. ಬಿಳಿ ಬಸಿಗೆ ಸ್ವಲ್ಪ ಹುಯ್ದು ಬೆಳಕಿಗೆ ಹಿಡಿದರು. ಮತ್ತೆ ಮೂಸಿದರು. ಪೊರ್ಬು ನನ್ನ ಬೆನ್ನ ಹಿಂದೆ ಕೊಂಕಣಿಯಲ್ಲಿ ಯಾವುದೋ ಸಂತರನ್ನು ಕರೆಯುತ್ತಿರುವುದು ಕೇಳಿಸುತ್ತಿತ್ತು.

ಕಡೆಗೆ ಡಾಕ್ಟರು ತಲೆಯೆತ್ತಿ, "ಸೌತೆಕಾಯಿ ಇದೆಯಾ?" ಎಂದು ಕೇಳಿದರು.

ಪೊರ್ಬು ಅಡುಗೆಮನೆಗೆ ಓಡಿದ. ಓಡಬಾರದ ವಯಸ್ಸು, ಓಡಬಾರದ ಹೊಟ್ಟೆ. ಹೆಚ್ಚಿದ ಸೌತೆಕಾಯಿಯ ತಟ್ಟೆ ಬಂತು. ಡಾಕ್ಟರು ಒಂದು ಹೋಳನ್ನು ಬಸಿಯಲ್ಲಿ ಅದ್ದಿ ಬಾಯಿಗಿಟ್ಟು ಅಗಿದರು. ಇನ್ನೊಂದನ್ನು ಅದ್ದಿ ಕ್ಯಾಪ್ಟನ್ನರಿಗೆ ಕೊಟ್ಟರು.

"ಖಲ್" ಎಂದರು. ವಿನೆಗರ್. "ಉಪ್ಪು ಇದ್ದರೆ ಇನ್ನೂ ಚೆನ್ನಾಗಿತ್ತು."

ಕ್ಯಾಪ್ಟನ್ ಅಗಿದು ನುಂಗಿ ನನ್ನ ಕಡೆ ತಿರುಗಿದರು. "ಬೀಗದ ಕೈ ಯಾರಲ್ಲಿತ್ತು?"

"ನನ್ನಲ್ಲಿ."

"ಇದರೊಳಗೆ ನೀನು, ಅಥವಾ ಬೇರೆ ಯಾರಾದರೂ, ಏನಾದರೂ ಹಾಕಿದಿರಾ?"

"ಇಲ್ಲ."

"ವಲ್ಲಾಹಿ?"

"ವಲ್ಲಾಹಿ" ಎಂದೆ. ಜೀವನದಲ್ಲಿ ಅಷ್ಟು ದುಡಿದು ಸಂಪಾದಿಸಿದ ಆಣೆ ಇನ್ನೊಂದಿಲ್ಲ. ಬಿಸಿಲಿನ ಬಗ್ಗೆ ಅವರು ಕೇಳಲಿಲ್ಲ. ಬೇರೆ ಮದ್ಹಬಿನ, ಅಂದರೆ ಬೇರೆ ಪಂಥದ, ಪಂಡಿತರು ಬೇಕೆಂದೇ ಬಿಸಿಲಿಗಿಟ್ಟರೂ ಸಲ್ಲದು ಎನ್ನುತ್ತಾರೆಂದು ಆಮೇಲೆ ಯಾರೋ ಹೇಳಿದರು. ಆಮೇಲೆ ಹೇಳಿದ್ದಕ್ಕೆ ಅವರಿಗೆ ನಾನು ಆಭಾರಿ.

ರಕೀಬ್ ತನ್ನ ಕಾಗದದಲ್ಲಿ 'ವಾಸನೆ ಸಂಶಯಾಸ್ಪದ' ಎಂಬುದರ ಮುಂದೆ 'ವಿನೆಗರ್' ಎಂದು ಸೇರಿಸಿ ಸಹಿ ತೆಗೆದುಕೊಂಡ. ಕ್ಯಾಪ್ಟನ್ ಪೊರ್ಬುವಿನ ಕಡೆ ಬೆರಳು ತೋರಿಸಿ, "ಇನ್ನು ಮುಂದೆ ರೊಟ್ಟಿಯನ್ನು ರೊಟ್ಟಿಯ ಹಾಗೆ ಮಾಡಬೇಕೆಂದು ಇವನಿಗೆ ಹೇಳು" ಎಂದರು. ನಾನು ಹೇಳಿದೆ. ಪೊರ್ಬುವಿಗೆ ಗೊತ್ತಿದ್ದ ಅರೇಬಿಕ್ ಎಲ್ಲ ಒಟ್ಟಿಗೆ ಹೊರಗೆ ಬಂತು: "ಖಲಾಸ್, ಖಲಾಸ್, ಯಲ್ಲಾ, ನಾಳೆ."

ನಾಳೆಯೇ ಹೋಗಲಾಗಲಿಲ್ಲ. ಆದರೆ ಆಫೀಸಿನವರು ಕಾಗದವನ್ನು ಮೇಜಿನ ಆ ಬದಿಯಿಂದ ಈ ಬದಿಗೆ ಸರಿಸಿದರು, ದೇಶ ಬಿಟ್ಟು ಹೋಗಿ ಬರುವ ವೀಸಾ ಬಂತು, ಟಿಕೆಟ್ ಬಂತು. ಬಾಟಲಿಯಲ್ಲಿ ಉಳಿದದ್ದನ್ನು ನಾನು ವಿನೆಗರಿನ ದಾಸ್ತಾನಿಗೆ ಸೇರಿಸಿಕೊಂಡೆ. ಆ ವಾರವೇ ಕಪಾಟಿನ ಬಾಗಿಲಲ್ಲಿ ಹೊಸ ಸಾಲು ಕಾಣಿಸಿತು: ಡಬ್ಬದ ಎಳನೀರನ್ನೂ ಬನ್ನಿನ ಹಿಟ್ಟನ್ನೂ ಒಂದೇ ಕೈಗೆ ಕೊಡತಕ್ಕದ್ದಲ್ಲ. ಎಳನೀರು ಕೆಳಗಿನ ಹಲಗೆಗೆ ಬಂತು. ಸೌದಿ ರಾಜ್ಯದ ಕಾನೂನಿಗೆ ಹೊಸ ಕಲಮೊಂದು ಸೇರಲು ಕಾರಣನಾದ ಏಕೈಕ ಉಡುಪಿಯವನೆಂದು ನಾನು ಪೊರ್ಬುವನ್ನು ಅಭಿನಂದಿಸಿದೆ. ಅವನು ನನಗೆ ಹೇಳಿದ ಮಾತನ್ನು ಬರೆಯುವಂತಿಲ್ಲ.

ರೋಸಿನ ದಿನ ಫೋಟೋ ಕಳಿಸಿದ್ದ. ಮಗಳ ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದೆ. ಹಾಕುತ್ತಿರುವವನ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಬಾಣಲೆಯ ಸುಟ್ಟ ಕಲೆಗಳಿರುವ ಕೈ. ನನಗೆ ಸಾಕಾಯಿತು.

ರಜೆ ಮುಗಿಸಿ ಅವನು ವಾಪಸು ಬಂದ ದಿನ ಗೇಟಿನಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ರಕೀಬ್ ಪೊರ್ಬುವಿನ ಚೀಲ ಬಿಚ್ಚಿ, ಬಾಳೆ ಎಲೆಯ ಒಂದು ಕಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದ. ಎಲೆಯೊಳಗೆ ಸಾನ್ನಾ. ಎರಡು ವಿಮಾನ, ಒಂದು ಬಸ್ಸು ದಾಟಿ ಬಂದು ಸ್ವಲ್ಪ ಬಿರುಸಾಗಿದ್ದವು.

"ಇದು ಯಾವುದರಿಂದ ಉಬ್ಬಿತು ಎಂದು ಇವನನ್ನು ಕೇಳು" ಎಂದ ರಕೀಬ್.

ನನಗೂ ಅದೇ ಪ್ರಶ್ನೆ ಇತ್ತು. ಊರಿನಲ್ಲಿ ಮಾಡಿದ್ದು, ಕ್ರೈಸ್ತರ ಮನೆಯದ್ದು. "ಶೇಂದಿಯದ್ದಾ ಮಾರಾಯ?" ಎಂದು ಮೆಲ್ಲಗೆ ಕೇಳಿದೆ.

"ನಿನ್ನ ತಲೆ" ಎಂದ ಪೊರ್ಬು. "ಮದುವೆಯದ್ದೆಲ್ಲ ಶೇಂದಿಯದ್ದೇ. ಇದು ನಾನು ಹೊರಡುವ ದಿನ ಮಗಳು ಗಂಡನ ಮನೆಯಿಂದ ಬಂದು, ಬೇರೆ ಪಾತ್ರೆ ತೊಳೆದು, ಯೀಸ್ಟ್ ಹಾಕಿ ಮಾಡಿದ್ದು. 'ಬಾಟ್ಲಿ ಕಾದ ಬ್ಯಾರಿ ಮಾಮನಿಗೆ' ಅಂತ. ನನಗೆ ಒಂದೂ ಮುಟ್ಲಿಕ್ಕೆ ಬಿಡ್ಲಿಲ್ಲ, ಗೊತ್ತುಂಟಾ?"

"ಯೀಸ್ಟ್" ಎಂದು ರಕೀಬನಿಗೆ ಭಾಷಾಂತರಿಸಿದೆ. ಉಳಿದದ್ದನ್ನು ಭಾಷಾಂತರಿಸಲಿಲ್ಲ. ಎಲೆಯ ಕಟ್ಟನ್ನು ಮತ್ತೆ ಸುತ್ತಿ ನಾನೇ ಎತ್ತಿಕೊಂಡೆ.

ಅಡುಗೆಮನೆಗೆ ತಂದು ಆವಿಯಲ್ಲಿ ಬಿಸಿ ಮಾಡಿದೆವು. ಮೆತ್ತಗಾದವು. ಹಿಂದೆಯೇ ಬಂದಿದ್ದ ರಕೀಬನಿಗೂ ಒಂದು ಕೊಟ್ಟೆವು. ಅವನು ಅದನ್ನು ಎತ್ತಿ, ಕಿವಿಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, ಆಮೇಲೆ ತಿಂದ.